ನಾಲ್ಕನೆಯ ಆಟವನ್ನು ಆಡಬೇಕೇ? ‘ಏಸ್ ಅಟಾರ್ನಿ’ ಅಭಿಮಾನಿಗಳ ಭಿನ್ನಮತ ಕುರಿತು

ಪ್ರಶ್ನೆ: ನಾನು ಕಾನೂನು ಪದವಿಯ ಎರಡನೆಯ ವರ್ಷದ ವಿದ್ಯಾರ್ಥಿನಿ. ರಜೆಯಲ್ಲಿ ‘ಏಸ್ ಅಟಾರ್ನಿ’ ಸರಣಿಯ ಮೊದಲ ಮೂರು ವಿಡಿಯೊ ಗೇಮ್‌ಗಳನ್ನು ಆಡಿ ಮುಗಿಸಿದೆ. ಮುಂದೇನು ಎಂದು ಅಭಿಮಾನಿಗಳನ್ನು ಕೇಳಿದರೆ, ‘ಕಥೆ ಮೂರಕ್ಕೇ ಮುಗಿಯಿತು, ನಾಲ್ಕನೆಯದನ್ನು ಮುಟ್ಟಬೇಡಿ’ ಎಂದು ಕೆಲವರು, ‘ನಾಲ್ಕನೆಯದೇ ಎಲ್ಲಕ್ಕಿಂತ ಧೈರ್ಯದ ಆಟ’ ಎಂದು ಕೆಲವರು, ‘ಇವೆಲ್ಲ ಬಿಟ್ಟು ಗ್ರೇಟ್ ಏಸ್ ಅಟಾರ್ನಿ ಆಡಿ’ ಎಂದು ಮತ್ತೆ ಕೆಲವರು ಹೇಳುತ್ತಾರೆ. ಒಂದೇ ಸರಣಿಯನ್ನು ಪ್ರೀತಿಸುವವರಲ್ಲಿ ಇಷ್ಟು ಭಿನ್ನಾಭಿಪ್ರಾಯ ಏಕೆ? ನಾನು ಯಾರ ಮಾತು ಕೇಳಲಿ?

ಉತ್ತರ: ನಾಲ್ಕನೆಯದನ್ನು ಆಡಿ, ಮೊದಲ ಮೂರರ ನೆನಪು ಮಾಸುವ ಮುಂಚೆಯೇ ಆಡಿ. ಆದರೆ ಅಭಿಮಾನಿಗಳು ಏಕೆ ಹೀಗೆ ಒಡೆದು ಹೋಗಿದ್ದಾರೆ ಎಂಬ ನಿಮ್ಮ ಪ್ರಶ್ನೆ ಹೆಚ್ಚು ಗಂಭೀರವಾದದ್ದು, ಅದಕ್ಕೆ ವಿವರವಾಗಿಯೇ ಉತ್ತರಿಸಬೇಕು. ನಾನು ವಿಚಾರಣಾ ನ್ಯಾಯಾಲಯಗಳಲ್ಲಿ ಆರೋಪಿಗಳ ಪರವಾಗಿ ವಕಾಲತ್ತು ವಹಿಸುತ್ತ ಬಂದವನು. ನಿಂಟೆಂಡೊ ಡಿಎಸ್ ಎಂಬ ಕೈಯಲ್ಲಿ ಹಿಡಿದು ಆಡುವ ಗೇಮ್ ಯಂತ್ರದ ಕಾಲದಿಂದ ಈ ಸರಣಿಯನ್ನು ಆಡುತ್ತ ಬಂದವನು. ಅಭಿಮಾನಿಗಳು ಯಾವ ಆಟ ಮೇಲು, ಯಾವುದು ಕೀಳು ಎಂದು ವಾದಿಸುತ್ತಿರುವಂತೆ ಮೇಲ್ನೋಟಕ್ಕೆ ಕಂಡರೂ, ಅವರ ವಾದದ ಬುಡದಲ್ಲಿರುವ ಪ್ರಶ್ನೆ ಒಂದೇ: ಸಾಕ್ಷಿಯ ಸುಳ್ಳು ಒಡೆದಾಗ ಅದರೊಳಗೆ ಏನು ಸಿಗಬೇಕು? ಒಗಟು ಬಿಡಿಸಿದ ಸಂತೋಷ ಸಿಕ್ಕರೆ ಕೆಲವರಿಗೆ ಸಾಕು. ಕೆಲವರಿಗೆ ಆ ಸುಳ್ಳನ್ನು ಹೊತ್ತು ತಿರುಗಿದ ಮನುಷ್ಯ ಕಾಣಬೇಕು. ಮತ್ತೆ ಕೆಲವರಿಗೆ ಆ ಸುಳ್ಳಿಗೆ ನೆರಳು ಕೊಟ್ಟ ವ್ಯವಸ್ಥೆಯೇ ಕಟಕಟೆಗೆ ಬರಬೇಕು.

ಈ ಸರಣಿ ಹುಟ್ಟಿದ್ದೇ ಸುಳ್ಳನ್ನು ಹಿಡಿಯುವ ಆಟವಾಗಿ. ಜಪಾನಿನ ಕ್ಯಾಪ್‌ಕಾಮ್ ಸಂಸ್ಥೆಯಲ್ಲಿದ್ದ ಶು ತಕುಮಿ ಅವರಿಗೆ 2000ದಲ್ಲಿ, ಇನ್ನೊಂದು ದೊಡ್ಡ ಆಟದ ಕೆಲಸ ಮುಗಿದ ಮೇಲೆ, ತಮಗೆ ಬೇಕಾದದ್ದನ್ನು ಮಾಡಲು ಹಿರಿಯರಾದ ಶಿಂಜಿ ಮಿಕಾಮಿ ಆರು ತಿಂಗಳ ಅವಕಾಶ ಕೊಟ್ಟರು. ತಂಡದಲ್ಲಿದ್ದದ್ದು ಏಳೇ ಜನ. ನಾಯಕ ಮೊದಲು ಪತ್ತೇದಾರನಾಗಿದ್ದ. ಹೇಳಿಕೆಗಳಲ್ಲಿನ ವಿರೋಧಾಭಾಸ ಹುಡುಕುವ ಆಟಕ್ಕೆ ಪತ್ತೇದಾರನಿಗಿಂತ ವಕೀಲನೇ ಸರಿಯೆಂದು ಆಮೇಲೆ ತೀರ್ಮಾನವಾಯಿತು. 2001ರ ಅಕ್ಟೋಬರ್‌ನಲ್ಲಿ ಗೇಮ್ ಬಾಯ್ ಅಡ್ವಾನ್ಸ್‌ಗೆ ಬಿಡುಗಡೆಯಾದ ಆ ಆಟದ ಜಪಾನಿ ಹೆಸರು ‘ಗ್ಯಾಕುತೆನ್ ಸೈಬಾನ್’, ಅಂದರೆ ಸೋಲುತ್ತಿದ್ದವನ ಕಡೆಗೆ ಹೊರಳುವ ವಿಚಾರಣೆ. ಎರಡನೆಯದು 2002ರಲ್ಲಿ, ಮೂರನೆಯದು 2004ರಲ್ಲಿ ಬಂದವು. 2005ರಲ್ಲಿ ಡಿಎಸ್‌ಗೆ ಬಂದ ಮೊದಲ ಆಟಕ್ಕೆ ಐದನೆಯ ಪ್ರಕರಣವೊಂದು ಸೇರಿತು. ನೀವು ಆಡಿದ 14 ಪ್ರಕರಣಗಳು ಇವೇ.

ಮೊದಲ ಪ್ರಕರಣವನ್ನೇ ಮತ್ತೊಮ್ಮೆ ನೆನಪಿಸಿಕೊಳ್ಳಿ, ಏಕೆಂದರೆ ಅಭಿಮಾನಿಗಳು ಮುಂದಿನ ಆಟಗಳನ್ನು ಅಳೆಯುವ ಕೋಲು ಅದರಲ್ಲೇ ಇದೆ. ಸಿಂಡಿ ಸ್ಟೋನ್ ಎಂಬ ಯುವತಿಯ ಕೊಲೆ. ಆರೋಪಿ ಅವಳ ಗೆಳೆಯ ಲ್ಯಾರಿ. ಪತ್ರಿಕೆ ಮಾರುವ ಸಾವಿಟ್ ತಾನು ಶವ ಕಂಡದ್ದು ಮಧ್ಯಾಹ್ನ ಒಂದು ಗಂಟೆಗೆ ಎನ್ನುತ್ತಾನೆ. ಶವಪರೀಕ್ಷೆಯ ವರದಿ ಸಾವು ನಾಲ್ಕರಿಂದ ಐದರ ನಡುವೆ ಆಯಿತು ಎನ್ನುತ್ತದೆ. ಟಿವಿಯಲ್ಲಿ ಸಮಯ ಕೇಳಿದೆ ಎಂದು ಅವನು ಜಾರಿಕೊಳ್ಳಲು ನೋಡಿದರೆ, ಆ ಹೊತ್ತಿನಲ್ಲಿ ಕರೆಂಟೇ ಇರಲಿಲ್ಲ ಎಂಬ ದಾಖಲೆ ಅಡ್ಡ ಬರುತ್ತದೆ. ಕೊನೆಗೆ ಮೇಜಿನ ಮೇಲಿದ್ದ ಗಡಿಯಾರ ಎನ್ನುತ್ತಾನೆ. ಅಲ್ಲಿದ್ದದ್ದು ನೋಡಲು ಬರೀ ಒಂದು ಪ್ರತಿಮೆ. ಕತ್ತು ಬಾಗಿಸಿದರೆ ಮಾತ್ರ ಗಂಟೆ ಹೇಳುವ ಗಡಿಯಾರ ಅದು, ಕೊಲೆಯಾದದ್ದೂ ಅದರಿಂದಲೇ. ಮನೆಯೊಳಗೆ ಕಾಲಿಡಲಿಲ್ಲ ಎಂದವನಿಗೆ ಅದು ಗಡಿಯಾರವೆಂದು ಹೇಗೆ ತಿಳಿಯಿತು? ಇಷ್ಟರಲ್ಲೇ ಅವನು ಸಿಕ್ಕಿಬಿದ್ದ. ಆದರೆ ತಕುಮಿ ಇನ್ನೊಂದು ಹೆಜ್ಜೆ ಮುಂದೆ ಹೋಗುತ್ತಾರೆ. ಗಡಿಯಾರ ಮೂರು ಗಂಟೆ ಹಿಂದೆ ಇದ್ದದ್ದು ಏಕೆ? ಸಿಂಡಿ ಹಿಂದಿನ ದಿನವಷ್ಟೇ ಪ್ಯಾರಿಸ್‌ನಿಂದ ಮರಳಿದ್ದಳು. ಇಲ್ಲಿ ಸಂಜೆ ನಾಲ್ಕಾದಾಗ ಅಲ್ಲಿ ರಾತ್ರಿ ಒಂದು. ಅಂದರೆ ಲ್ಯಾರಿ ತನ್ನ ಕೈಯಾರೆ ಮಾಡಿ ಕೊಟ್ಟಿದ್ದ ಆ ಗಡಿಯಾರವನ್ನು ಅವಳು ಪ್ಯಾರಿಸ್‌ಗೆ ಹೊತ್ತೊಯ್ದಿದ್ದಳು. ಅವಳಿಗೆ ತನ್ನ ಮೇಲೆ ಪ್ರೀತಿಯೇ ಇರಲಿಲ್ಲ ಎಂದುಕೊಂಡು ಕೂತಿದ್ದ ಹುಡುಗನಿಗೆ, ಕೊಲೆಗಾರನನ್ನು ಹಿಡಿದುಕೊಟ್ಟ ಅದೇ ಪುರಾವೆ ಅವಳ ಪ್ರೀತಿಯ ಪುರಾವೆಯೂ ಆಗುತ್ತದೆ.

ನನ್ನ ವೃತ್ತಿಯ ಮೊದಲ ವರ್ಷಗಳ ಒಂದು ಪಾಟಿ ಸವಾಲು ಈ ಪ್ರಕರಣದೊಂದಿಗೆ ನನ್ನ ಮನಸ್ಸಿನಲ್ಲಿ ಸದಾ ಹೆಣೆದುಕೊಂಡಿದೆ. ಹೊಡೆದಾಟದ ಕೇಸೊಂದರಲ್ಲಿ ವಯಸ್ಸಾದ ಸಾಕ್ಷಿಯೊಬ್ಬರು ಬೀದಿ ಕಂಬದ ದೀಪದ ಬೆಳಕಿನಲ್ಲಿ ಆರೋಪಿಯನ್ನು ಕಂಡೆನೆಂದು ಹೇಳಿದ್ದರು. ಆ ರಾತ್ರಿ ಆ ಹೊತ್ತಿನಲ್ಲಿ ಊರಿಗೆ ಕರೆಂಟ್ ಇರಲಿಲ್ಲವೆಂದು ವಿದ್ಯುತ್ ಉಪಕೇಂದ್ರದ ಲಾಗ್ ಪುಸ್ತಕ ತರಿಸಿ ತೋರಿಸಿದೆ. ಪೊಲೀಸರ ಮುಂದಿನ ಹೇಳಿಕೆಯಲ್ಲಿಲ್ಲದ ಟಾರ್ಚ್ ಒಂದು ಆಗ ಹುಟ್ಟಿಕೊಂಡಿತು. ಹಿಂದಿನ ಹೇಳಿಕೆಯನ್ನು ಎದುರಿಗಿಟ್ಟು ಕೇಳುತ್ತ ಹೋದಂತೆ ಆ ಹಿರಿಯರು ತಲೆ ತಗ್ಗಿಸಿದರು: ಆ ರಾತ್ರಿ ಅವರು ಊರಿನಲ್ಲೇ ಇರಲಿಲ್ಲ, ಮನೆಯವರೆಲ್ಲ ಸಂಬಂಧ ಕಡಿದುಕೊಂಡಿದ್ದ ಹಿರಿಮಗಳ ಮನೆಗೆ ಗುಟ್ಟಾಗಿ ಹೋಗಿದ್ದರು. ಊರಿನಲ್ಲೇ ಇದ್ದೆ ಎಂದು ಮನೆಯಲ್ಲಿ ಹೇಳಿದ ಮಾತು ಅವರನ್ನು ಸಾಕ್ಷಿ ಕಟ್ಟೆಯವರೆಗೆ ಎಳೆದು ತಂದಿತ್ತು. ನನ್ನ ಕಕ್ಷಿದಾರ ಖುಲಾಸೆಯಾದ. ಆ ದಿನ ನನಗೆ ಗೆದ್ದ ಹಿಗ್ಗಿಗಿಂತ ಹೆಚ್ಚಾಗಿ ಉಳಿದದ್ದು ಆ ಮುಖ. ಅಭಿಮಾನಿಗಳು ಮೊದಲ ಮೂರು ಆಟಗಳನ್ನು ಎತ್ತಿ ಹಿಡಿಯುವಾಗ ಅವರು ನೆನಪಿಸಿಕೊಳ್ಳುತ್ತಿರುವುದು ಇಂಥದ್ದನ್ನೇ ಎಂದು ನಾನು ನಂಬಿದ್ದೇನೆ.

ಮೊದಲ ಮೂರರಲ್ಲಿ ಎಲ್ಲವೂ ಚಿನ್ನವೆಂದು ಅಲ್ಲ. ಎರಡನೆಯ ಆಟದ ಸರ್ಕಸ್ ಪ್ರಕರಣ, ಮೂರನೆಯದರ ಉಪಾಹಾರ ಗೃಹದ ಪ್ರಕರಣ ಎರಡೂ ದುರ್ಬಲವೆಂಬುದರಲ್ಲಿ ಬಹುತೇಕ ಅಭಿಮಾನಿಗಳು ಒಮ್ಮತದಿಂದಿದ್ದಾರೆ, ನಾನೂ ಅವರೊಂದಿಗಿದ್ದೇನೆ. ಆದರೆ ಅದೇ ಎರಡನೆಯ ಆಟದ ಕೊನೆಯ ಪ್ರಕರಣವನ್ನು ನೋಡಿ. ‘ನಾನು ಯಾರನ್ನೂ ಕೊಂದಿಲ್ಲ’ ಎಂದು ಕಕ್ಷಿದಾರ ಮ್ಯಾಟ್ ಎನ್‌ಗಾರ್ಡ್ ಹೇಳಿದಾಗ ಸುಳ್ಳನ್ನು ತೋರಿಸುವ ಬೀಗಗಳು ಮೂಡಲೇ ಇಲ್ಲ. ಏಕೆಂದರೆ ಕೊಂದವನು ಅವನು ನೇಮಿಸಿದ ಕೊಲೆಗಾರ, ಅವನ ಮಾತು ಅಕ್ಷರಶಃ ನಿಜ. ಎರಡು ಆಟಗಳುದ್ದಕ್ಕೂ ಕಕ್ಷಿದಾರನನ್ನು ನಂಬು ಎಂದು ಕಲಿಸಿದ ಸರಣಿ, ಆ ಪಾಠವನ್ನೇ ಅಲ್ಲಿ ವಿಚಾರಣೆಗೆ ಒಡ್ಡಿತು. ನಿರ್ದೋಷಿ ಎಂಬ ತೀರ್ಪು ಬಾರದಿದ್ದರೆ ಅಪಹರಣಕ್ಕೊಳಗಾದ ಸಹಾಯಕಿ ಮಾಯಾಳ ಜೀವ ಹೋಗುತ್ತದೆ, ಬಂದರೆ ನ್ಯಾಯ ಹೋಗುತ್ತದೆ. ಆರೋಪಿಯ ಪರ ನಿಲ್ಲುವ ವಕೀಲನಿಗೆ ತನ್ನ ಕಕ್ಷಿದಾರನೇ ಅಪರಾಧಿ ಎಂದು ತಿಳಿದ ಗಳಿಗೆಯನ್ನು ಇಷ್ಟು ನೇರವಾಗಿ ಎದುರಿಸಿದ ಬೇರೊಂದು ಆಟ ನನಗೆ ಸಿಕ್ಕಿಲ್ಲ.

ಈಗ ನಾಲ್ಕನೆಯದಕ್ಕೆ ಬರೋಣ. ‘ಅಪೊಲೊ ಜಸ್ಟಿಸ್’ 2007ರಲ್ಲಿ ಜಪಾನಿನಲ್ಲಿ, 2008ರಲ್ಲಿ ಇಂಗ್ಲಿಷಿನಲ್ಲಿ ಬಂದಿತು. ಕಥೆಯಲ್ಲಿ ಏಳು ವರ್ಷ ಕಳೆದಿದೆ. ಮೊದಲ ಮೂರು ಆಟಗಳ ನಾಯಕನಾದ ವಕೀಲ ಫೀನಿಕ್ಸ್ ವಕೀಲಿ ಸನ್ನದು ಕಳೆದುಕೊಂಡು, ಒಂದು ರಷ್ಯನ್ ಹೋಟೆಲಿನಲ್ಲಿ ಬಾರದ ಪಿಯಾನೊ ನುಡಿಸುತ್ತ, ನೆಲಮಾಳಿಗೆಯಲ್ಲಿ ಸೋಲದೆ ಪೋಕರ್ ಆಡುತ್ತ ಕೂತಿದ್ದಾನೆ, ಈಗ ಕೊಲೆ ಆರೋಪಿಯೂ ಆಗಿದ್ದಾನೆ. ಅವನ ಪರ ವಾದಿಸಲು ಬರುವವನು ಅಪೊಲೊ ಎಂಬ ಹೊಸ ಹುಡುಗ. ಮೂರು ಆಟಗಳಲ್ಲಿ ತಾವೇ ಫೀನಿಕ್ಸ್ ಆಗಿ ಆಡಿದ್ದವರಿಗೆ ಇದು ಮನೆಯ ಹಿರಿಯನೊಬ್ಬ ಹಾದಿ ತಪ್ಪಿದ್ದನ್ನು ಕಂಡಷ್ಟು ನೋವು ಕೊಟ್ಟಿತು. ಫೀನಿಕ್ಸ್‌ನ ಕಥೆ ಮೂರಕ್ಕೇ ಮುಗಿಯಿತೆಂಬುದು ತಕುಮಿಯವರದ್ದೇ ನಿಲುವಾಗಿತ್ತು ಎಂಬುದನ್ನು ಗಮನಿಸಿದರೆ, ‘ಮೂರಕ್ಕೇ ನಿಲ್ಲಿಸಿ’ ಎನ್ನುವ ಅಭಿಮಾನಿಗಳನ್ನು ಹಳೆಯದಕ್ಕೇ ಅಂಟಿಕೊಂಡವರೆಂದು ತಳ್ಳಿಹಾಕಲಾಗದು. ಅಪೊಲೊ ತನ್ನ ಹೆಸರಿನ ಆಟದಲ್ಲೇ ಅತಿಥಿಯಂತಾದ ಎಂಬ ಅವರ ದೂರು ನ್ಯಾಯವಾದದ್ದು. ಹೊಸಬನ ಬೆನ್ನ ಹಿಂದೆ ಹಳಬನೇ ಎಲ್ಲ ದಾಳ ಉರುಳಿಸುತ್ತಾನೆ. ಮೂರನೆಯ ಪ್ರಕರಣ, ಒಂದೇ ಸಂಗೀತ ಕಾರ್ಯಕ್ರಮದ ವಿಡಿಯೊವನ್ನು ಮತ್ತೆ ಮತ್ತೆ ನೋಡುವಂತೆ ಮಾಡಿ ಬೇಸರ ತರಿಸುತ್ತದೆ. ಕೊನೆಯಲ್ಲಿ ತೆರೆದಿಟ್ಟ ಕೌಟುಂಬಿಕ ಗುಟ್ಟೊಂದನ್ನು ಮುಂದಿನ ಆಟಗಳು ವರ್ಷಗಟ್ಟಲೆ ಮುಟ್ಟದೆ ಬಿಟ್ಟವು.

ಅಭಿಮಾನಿಗಳು ಅಷ್ಟಾಗಿ ಎತ್ತದ ಆಕ್ಷೇಪವೊಂದು ನನ್ನದು. ಸಾಕ್ಷಿಯ ಬೆರಳು ನಡುಗಿದ್ದನ್ನು, ಗಂಟಲು ಅದುರಿದ್ದನ್ನು ಅಪೊಲೊ ಹಿಗ್ಗಿಸಿ ನೋಡಿ ಸುಳ್ಳು ಹಿಡಿಯುತ್ತಾನೆ. ಸಾಕ್ಷಿಯ ಹಾವಭಾವವನ್ನು ನ್ಯಾಯಾಧೀಶರು ದಾಖಲಿಸಬಹುದೆಂದು ನಮ್ಮ ದಂಡ ಪ್ರಕ್ರಿಯಾ ಸಂಹಿತೆಯಲ್ಲೂ ಇತ್ತು, ಅದರ 280ನೆಯ ಕಲಂ ಅದೇ. ಆದರೆ ನಿಜ ಹೇಳುವ ಬಡವನೂ ಮೊದಲ ಬಾರಿಗೆ ಸಾಕ್ಷಿ ಕಟ್ಟೆ ಹತ್ತಿದಾಗ ಬೆವರುತ್ತಾನೆ, ನಡುಗುತ್ತಾನೆ. ಸುಳ್ಳು ಹೇಳಿ ಪಳಗಿದವನ ಕೈ ಅಲುಗುವುದಿಲ್ಲ. ಗಡಿಯಾರದ ಪುರಾವೆಯಲ್ಲಿದ್ದ ಗಟ್ಟಿತನ ಈ ನಡುಕದ ಪುರಾವೆಯಲ್ಲಿಲ್ಲ. ಇದೊಂದು ನನಗೆ ಕೊನೆಯವರೆಗೂ ಒಗ್ಗಲಿಲ್ಲ.

ಇಷ್ಟೆಲ್ಲ ಇದ್ದೂ ನಾಲ್ಕನೆಯದನ್ನು ನಾನು ಏಕೆ ಸಮರ್ಥಿಸುತ್ತೇನೆ? ಫೀನಿಕ್ಸ್ ಸನ್ನದು ಕಳೆದುಕೊಂಡದ್ದು, ಖೋಟಾ ಪುರಾವೆಯೊಂದನ್ನು ಅದು ಖೋಟಾ ಎಂದು ತಿಳಿಯದೆ ನ್ಯಾಯಾಲಯದ ಮುಂದಿಟ್ಟದ್ದಕ್ಕೆ. ಹಿಂದಿನ ಮೂರು ಆಟಗಳಲ್ಲಿ ನೀವು ಕೊನೆಯ ಗಳಿಗೆಯಲ್ಲಿ ಕೈಗೆ ಸಿಕ್ಕಿದ ಪುರಾವೆಯನ್ನು ಎಷ್ಟು ಸಲ ಹಿಂದುಮುಂದು ನೋಡದೆ ಮೇಜಿಗೆ ಬಡಿದು ಮುಂದಿಟ್ಟಿದ್ದೀರಿ? ಆ ಚಪ್ಪಾಳೆ ಗಿಟ್ಟಿಸಿದ ಅಭ್ಯಾಸವೇ ನಾಯಕನನ್ನು ಮುಳುಗಿಸಿತು ಎನ್ನುವುದು ಈ ಆಟದ ಧೈರ್ಯ. ಮೊದಲ ಪ್ರಕರಣದಲ್ಲಿ ಅಪೊಲೊನ ಕೈಗೆ ಬರುವ ಒಂದು ಪುರಾವೆಯ ಬಗ್ಗೆ ಅಭಿಮಾನಿಗಳು ಇಂದಿಗೂ ವಾದಿಸುತ್ತಾರೆ. ಫೀನಿಕ್ಸ್ ಅಲ್ಲಿ ನಡೆದುಕೊಂಡ ರೀತಿಯನ್ನು ಕೆಲವರು ಕ್ಷಮಿಸಲೇ ಇಲ್ಲ. ವಕೀಲನಾಗಿ ನಾನೂ ಕ್ಷಮಿಸಲಾರೆ. ಆದರೆ ಏಳು ವರ್ಷ ನ್ಯಾಯದ ಬಾಗಿಲಿನ ಹೊರಗೆ ನಿಂತವನು ಆ ಮಟ್ಟಕ್ಕೆ ಹೇಗೆ ಬಂದ ಎಂಬುದು ನನಗೆ ಅರ್ಥವಾಗುತ್ತದೆ.

ಇದರ ಕೊನೆಯ ಪ್ರಕರಣದಲ್ಲಿ ಜನಸಾಮಾನ್ಯರು ತೀರ್ಪು ಕೊಡುವ ಪದ್ಧತಿಯ ಪ್ರಯೋಗವೊಂದಿದೆ. ಅದು ಕಟ್ಟುಕಥೆಯಿಂದ ಉದುರಿದ್ದಲ್ಲ. ಬಿಡುಗಡೆಯಾದ ಅಪರಾಧ ಪ್ರಕರಣಗಳು ನೂರಕ್ಕೆ ಒಂದೂ ಇಲ್ಲದ ಜಪಾನಿನಲ್ಲಿ, ನ್ಯಾಯಾಧೀಶರ ಜೊತೆ ನಾಗರಿಕರೂ ಕೂತು ತೀರ್ಪು ಕೊಡುವ ‘ಸೈಬಾನ್-ಇನ್’ ಪದ್ಧತಿಯ ಕಾನೂನು 2004ರಲ್ಲಿ ಅಂಗೀಕಾರವಾಗಿ, 2009ರ ಮೇ ತಿಂಗಳಲ್ಲಿ ಜಾರಿಗೆ ಬಂತು. ನಡುವಿನ ಕಾಯುವ ವರ್ಷಗಳಲ್ಲಿ ಬಂದ ಆಟ ಇದು. ಆರೋಪಿಯನ್ನು ಬಿಡಿಸಲು ನಿಜವಾದ ಅಪರಾಧಿಯನ್ನೇ ಹಿಡಿದು ತರಬೇಕು, ಅದೂ ಮೂರು ದಿನಗಳೊಳಗೆ ಎಂಬ ಸರಣಿಯ ನಿಯಮವನ್ನು ಕಂಡು ‘ಇದೆಂಥ ಕಾನೂನು’ ಎಂದು ನಿಮ್ಮ ಸಹಪಾಠಿಗಳು ಕೇಳಿದರೆ, ಸಂಶಯದ ಲಾಭ ಆರೋಪಿಗೆ ಸಲ್ಲಬೇಕೆಂಬ ತತ್ವ ಪುಸ್ತಕದಲ್ಲಿದ್ದೂ ಅನುಭವಕ್ಕೆ ಬಾರದಿದ್ದಾಗ ಪ್ರತಿವಾದಿ ವಕೀಲನಿಗೆ ಹೇಗನ್ನಿಸುತ್ತದೆ ಎಂಬುದರ ಚಿತ್ರ ಅದು ಎಂದು ಹೇಳಿ.

ಐದು ಮತ್ತು ಆರನೆಯ ಆಟಗಳ ಬಗ್ಗೆ ಚುಟುಕಾಗಿ ಹೇಳುತ್ತೇನೆ. 2013ರ ‘ಡ್ಯುಯಲ್ ಡೆಸ್ಟಿನೀಸ್’, 2016ರ ‘ಸ್ಪಿರಿಟ್ ಆಫ್ ಜಸ್ಟಿಸ್’ ಎರಡೂ ತಕುಮಿಯವರ ಕೈಯಲ್ಲಿ ರೂಪುಗೊಂಡವಲ್ಲ; ನಿರ್ದೇಶನದ ಹೊಣೆ ತಕೆಶಿ ಯಮಜಾಕಿ ಅವರದಾಗಿತ್ತು, ಆರನೆಯದರಲ್ಲಿ ತಕುರೊ ಫುಸೆ ಅವರೂ ಜೊತೆಗಿದ್ದರು. ಫೀನಿಕ್ಸ್‌ಗೆ ಸನ್ನದು ಮರಳಿ ಸಿಕ್ಕಿತು, ಅಥೀನಾ ಎಂಬ ಮೂರನೆಯ ವಕೀಲೆ ಬಂದಳು, ಸಾಕ್ಷಿಯ ಧ್ವನಿಯಲ್ಲಿ ಅಡಗಿದ ಭಾವವನ್ನು ಓದುವ ಯಂತ್ರ ಬಂತು. ‘ಕಾನೂನಿನ ಕತ್ತಲ ಯುಗ’ ಎಂದು ಪಾತ್ರಗಳು ಹೇಳುತ್ತಲೇ ಇರುತ್ತವೆ, ಆ ಕತ್ತಲು ಮಾತ್ರ ಕಣ್ಣಿಗೆ ಕಾಣುವುದಿಲ್ಲ ಎಂದು ಐದನೆಯದರ ಬಗ್ಗೆ ಅಭಿಮಾನಿಗಳು ಹೇಳುವುದು ಸರಿಯೇ. ಅಪೊಲೊನಿಗೆ ಪ್ರತಿ ಆಟದಲ್ಲೂ ಹೊಸದೊಂದು ಗತಕಾಲ ಅಂಟಿಸಿದರು ಎಂಬ ದೂರೂ ಸರಿಯೇ. ಆರನೆಯದು ಕುರಾಯಿನ್ ಎಂಬ ಕಲ್ಪಿತ ರಾಜ್ಯಕ್ಕೆ ಹೋಗುತ್ತದೆ. ಆರೋಪಿಗೆ ಶಿಕ್ಷೆಯಾದರೆ ಅವನ ವಕೀಲನಿಗೂ ಅದೇ ಶಿಕ್ಷೆ ಎಂಬ ಕಾಯಿದೆ ಅಲ್ಲಿದೆ. ಆ ಒಂದು ಕಲ್ಪನೆಗಾಗಿ ನಾನು ಅದರ ಉಳಿದ ಭಾರವನ್ನೆಲ್ಲ ಸಹಿಸಿದ್ದೇನೆ.

ಅಭಿಯೋಜಕ ಎಜ್‌ವರ್ತ್‌ನನ್ನು ನಾಯಕನಾಗಿಸಿದ ಎರಡು ‘ಇನ್ವೆಸ್ಟಿಗೇಶನ್ಸ್’ ಆಟಗಳಲ್ಲಿ ಎರಡನೆಯದು 2011ರಲ್ಲೇ ಜಪಾನಿನಲ್ಲಿ ಬಂದರೂ, ಅಧಿಕೃತ ಇಂಗ್ಲಿಷ್ ರೂಪ ಸಿಕ್ಕಿದ್ದು 2024ರಲ್ಲಿ. ಆ 13 ವರ್ಷಗಳ ನಡುವೆ ಅಭಿಮಾನಿಗಳೇ ಕೂತು ಇಡೀ ಆಟವನ್ನು ಇಂಗ್ಲಿಷಿಗೆ ತಂದಿದ್ದರು. ಹೀಗಾಗಿ ಒಂದೇ ಪಾತ್ರಕ್ಕೆ ಎರಡು ಹೆಸರುಗಳಾದವು: ಹಳಬರಿಗೆ ರೇಮಂಡ್ ಶೀಲ್ಡ್ಸ್ ಆಗಿದ್ದ ವಕೀಲ ಹೊಸಬರಿಗೆ ಎಡ್ಡಿ ಫೆಂಡರ್. ಅಭಿಮಾನಿಗಳ ಚರ್ಚೆಯಲ್ಲಿ ಈ ಎರಡು ಹೆಸರು ಕಂಡರೆ ಗೊಂದಲಗೊಳ್ಳಬೇಡಿ. ಎಜ್‌ವರ್ತ್‌ನ ಮೇಲೆ ನಿಮಗೆ ಅಕ್ಕರೆ ಹುಟ್ಟಿದ್ದರೆ ಆ ಎರಡನೆಯ ಆಟವನ್ನು ಬಿಡಲೇಬಾರದು. ವಕೀಲನ ಮಗ ಅಭಿಯೋಜಕನಾಗಿ ಬೆಳೆದದ್ದರ ಲೆಕ್ಕವನ್ನು ಅದು ಶ್ರದ್ಧೆಯಿಂದ ಬಿಡಿಸುತ್ತದೆ.

ಕೊನೆಗೆ, ‘ಗ್ರೇಟ್ ಏಸ್ ಅಟಾರ್ನಿ’. ತಕುಮಿ ಮರಳಿ ಬಂದು 2015 ಮತ್ತು 2017ರಲ್ಲಿ ಮಾಡಿದ ಈ ಎರಡು ಆಟಗಳು ಒಟ್ಟಾಗಿ 2021ರ ಜುಲೈನಲ್ಲಿ ಇಂಗ್ಲಿಷಿಗೆ ಬಂದವು. ಹತ್ತೊಂಬತ್ತನೆಯ ಶತಮಾನದ ಕೊನೆಯ, ಮೇಜಿ ಚಕ್ರವರ್ತಿಯ ಕಾಲದ ಜಪಾನ್ ಮತ್ತು ಅದೇ ಕಾಲದ ಲಂಡನ್. ಫೀನಿಕ್ಸ್‌ನ ಪೂರ್ವಿಕ ರ್ಯೂನೊಸುಕೆ ವಕೀಲನೂ ಅಲ್ಲದ ವಿದ್ಯಾರ್ಥಿಯಾಗಿ, ತನ್ನ ಮೇಲಿನ ಕೊಲೆ ಆರೋಪಕ್ಕೆ ತಾನೇ ವಾದಿಸುತ್ತ ಕಥೆ ಶುರು ಮಾಡುತ್ತಾನೆ. ಲಂಡನ್ನಿನಲ್ಲಿ ಆರು ಜನ ಜ್ಯೂರಿಗಳಿರುತ್ತಾರೆ; ಅವರೆಲ್ಲ ಅಪರಾಧಿ ಎಂದಾಗ ಒಬ್ಬರ ಕಾರಣವನ್ನು ಇನ್ನೊಬ್ಬರ ಕಾರಣಕ್ಕೆ ಎದುರು ನಿಲ್ಲಿಸಿ ಅವರ ಮನಸ್ಸು ತಿರುಗಿಸಬೇಕು. ಮೊದಲ ಭಾಗ ನಿಧಾನ, ಅನೇಕ ಗಂಟುಗಳನ್ನು ಬಿಚ್ಚದೆ ನಿಲ್ಲುತ್ತದೆ ಎಂಬ ದೂರು ಇದೆ. ಎರಡನ್ನೂ ಒಂದೇ ಕಥೆಯೆಂದು ಆಡಿದವರಿಗೆ ಆ ದೂರು ಉಳಿಯುವುದಿಲ್ಲ. ಹತ್ತು ಪ್ರಕರಣಗಳ ಎಳೆಗಳು ಕೊನೆಯಲ್ಲಿ ಒಂದೇ ಹುರಿಯಾಗುತ್ತವೆ.

ಅಭಿಯೋಜಕ ವ್ಯಾನ್ ಜೀಕ್ಸ್ ಜಪಾನಿಯರನ್ನು ಮಾತುಮಾತಿಗೂ ಹೀಯಾಳಿಸುವುದು ಅತಿಯಾಯಿತೆಂದು ಹಲವು ಪಾಶ್ಚಾತ್ಯ ಅಭಿಮಾನಿಗಳಿಗೆ ಅನ್ನಿಸಿದೆ. ನನಗೆ ಹಾಗೆ ಅನ್ನಿಸಲಿಲ್ಲ. ಜಪಾನಿನ ನೆಲದಲ್ಲಿ ತಪ್ಪು ಮಾಡಿದ ಬ್ರಿಟಿಷ್ ಪ್ರಜೆಯನ್ನು ಜಪಾನಿನ ನ್ಯಾಯಾಲಯ ವಿಚಾರಿಸುವಂತಿರಲಿಲ್ಲ. 1894ರಲ್ಲಿ ಸಹಿಯಾದ ಹೊಸ ಒಪ್ಪಂದ 1899ರಲ್ಲಿ ಜಾರಿಗೆ ಬಂದ ಮೇಲಷ್ಟೇ ಆ ಅಸಮಾನತೆ ಹೋಯಿತು. ಆಟದ ಮೊದಲ ಪ್ರಕರಣದ ಮೇಲೆ ಬಿದ್ದಿರುವ ನೆರಳು ಅದೇ. ಭಾರತೀಯ ನ್ಯಾಯಾಧೀಶರು ಐರೋಪ್ಯ ಆರೋಪಿಗಳನ್ನು ವಿಚಾರಿಸಬಹುದೇ ಎಂದು 1883ರಲ್ಲಿ ಇಲ್ಬರ್ಟ್ ಮಸೂದೆಯ ಮೇಲೆ ಎದ್ದ ಗದ್ದಲವನ್ನು ನೀವು ಕಾನೂನಿನ ಇತಿಹಾಸದಲ್ಲಿ ಓದಿರುತ್ತೀರಿ ಅಥವಾ ಇಷ್ಟರಲ್ಲೇ ಓದುತ್ತೀರಿ. ಅದನ್ನು ಓದಿದವರಿಗೆ ವ್ಯಾನ್ ಜೀಕ್ಸ್‌ನ ಒಂದೊಂದು ಮಾತೂ ಎಲ್ಲಿಂದ ಬಂದದ್ದೆಂದು ಗೊತ್ತಾಗುತ್ತದೆ. ಸುಳ್ಳಿನ ಒಗಟು, ಸುಳ್ಳಾಡಿದ ಮನುಷ್ಯ, ಅವನ ಹಿಂದಿನ ವ್ಯವಸ್ಥೆ ಮೂರೂ ಒಂದೇ ಕಟಕಟೆಯಲ್ಲಿ ನಿಲ್ಲುವ ಆಟ ಇದು. ಸರಣಿಯಲ್ಲಿ ಒಂದನ್ನೇ ಉಳಿಸಿಕೊ ಎಂದರೆ ನಾನು ಇದನ್ನು ಉಳಿಸಿಕೊಳ್ಳುತ್ತೇನೆ.

ಹಾಗಿದ್ದರೂ ಇದನ್ನು ಈಗಲೇ ಆಡಬೇಡಿ. ಮೊದಲು ನಾಲ್ಕನೆಯದು, ಬಳಿಕ ಎಜ್‌ವರ್ತ್‌ನ ಎರಡು, ಆಮೇಲೆ ‘ಗ್ರೇಟ್ ಏಸ್ ಅಟಾರ್ನಿ’. ಐದು ಮತ್ತು ಆರನ್ನು ಪರೀಕ್ಷೆಗಳು ಮುಗಿದ ಮೇಲೆ ಬಿಡುವಾಗಿ ಆಡಬಹುದು. ಇವು ಯಾವುವೂ ಕನ್ನಡದಲ್ಲಿಲ್ಲ. ಇಂಗ್ಲಿಷಿನಲ್ಲಿ ಆಡುವಾಗ ಹೆಸರುಗಳನ್ನು ಗಟ್ಟಿಯಾಗಿ ಓದಿನೋಡಿ, ಸಾವಿಟ್ ಎಂಬ ಹೆಸರಿನೊಳಗೆ ‘ಕಂಡೆ’ ಎಂಬ ಮಾತು ಅಡಗಿರುವಂತೆ ಅರ್ಧದಷ್ಟು ಸ್ವಾರಸ್ಯ ಅಲ್ಲೇ ಇದೆ. ನಾಲ್ಕನೆಯದರ ಮೊದಲ ಪ್ರಕರಣ ಆಡುವಾಗ ಪಕ್ಕದಲ್ಲಿ ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ಪ್ರತಿ ಪುರಾವೆ ಯಾರ ಕೈಯಿಂದ, ಯಾವಾಗ ಅಪೊಲೊನಿಗೆ ಬಂತೆಂದು, ನಾಳೆ ನಿಮ್ಮ ಹಿರಿಯ ವಕೀಲರ ಕಚೇರಿಯಲ್ಲಿ ಬರೆಯಬೇಕಾದ ಹಾಗೆಯೇ, ಸಾಲಾಗಿ ಬರೆಯಿರಿ. ಕೊನೆಯ ಪ್ರಕರಣ ಮುಗಿದ ರಾತ್ರಿ ಆ ಪುಟವನ್ನು ಮತ್ತೆ ತೆರೆದು ಓದಿ, ಫೀನಿಕ್ಸ್‌ಗೆ ಸನ್ನದು ಮರಳಿ ಕೊಡಬಹುದಿತ್ತೇ ಎಂದು ನಿಮಗನ್ನಿಸಿದ್ದನ್ನು ನನಗೆ ಬರೆದು ತಿಳಿಸಿ.